ಬೋರಣ್ಣನ ಬೆರಳು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲ, ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ ಅಷ್ಟೆ. ತಾವು ಬರೆದ ಒಂದು ಚಿತ್ರಕ್ಕೂ ಅವರು ಸಹಿ ಹಾಕಿದವರಲ್ಲ. ಮೂಲೆಯಲ್ಲಿ ಒಂದು ಚಿಕ್ಕ ಸಹಿಯಾದರೂ ಬೇಡವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನೋಡೋನಿಗೆ ನನ್ನ ಹೆಸರು ಏನಮ್ಮ ಕೆಲಸ ಮಾಡುತ್ತೆ? ಆ ಜಾಗದಲ್ಲಿ ಒಂದು ನೊಣ ಬರೆದ್ರೆ ಟೀ ಮುಚ್ಚಿಡಬೇಕು ಅಂತಾದ್ರೂ ನೆನಪಾಗುತ್ತೆ" ಎಂದರು. ಇಂಥವರ ಜೊತೆ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದ್ದೇನೆ. ನನ್ನ ತಾಳ್ಮೆಯನ್ನು ನೀವು ಮೆಚ್ಚಬೇಕು.

ಎಂಬತ್ತರ ದಶಕದ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಕೆಳಗೆ ಪ್ರೆಸ್ ಶಾಪು, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಡ್ರಾಯಿಂಗ್ ಆಫೀಸು. ನಾನಲ್ಲಿ ಟ್ರೇಸರ್. ಅಂದರೆ ಬೇರೆಯವರು ಪೆನ್ಸಿಲಿನಲ್ಲಿ ಹಾಕಿದ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಇಂಕಿನಲ್ಲಿ ತಿದ್ದುವ ಕೆಲಸ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ, ಕೈ ಚೆನ್ನಾಗಿದೆ ಎಂಬ ಜಂಬ ಬೇರೆ. ನಾನು ಹೊಸಹಳ್ಳಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಕೂರುವಷ್ಟರಲ್ಲಿ ಅವರು ಬಸವೇಶ್ವರನಗರದಿಂದ ಸೈಕಲ್ಲಿನಲ್ಲಿ ಬಂದು ತಮ್ಮ ಬೋರ್ಡಿನ ಮೇಲೆ ಬಗ್ಗಿಯಾಗಿರುತ್ತಿತ್ತು. ಅವರು ಹಿರಿಯ ಡ್ರಾಫ್ಟ್ಸ್‌ಮನ್. ಎತ್ತರದ ಆಳು, ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು. ಷರ್ಟಿನ ಜೇಬಿನ ಕೆಳಗೆ ಯಾವಾಗಲೂ ಒಂದು ಇಂಕಿನ ಕಲೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಹಾಳಾದ ಟ್ರೇಸಿಂಗ್ ಪೇಪರಿನ ತುಂಡಿನ ಮೇಲೆ ಹುಡುಗಿಯೊಬ್ಬಳ ಮುಖ ಬರೆದಿದ್ದೆ. ದೊಡ್ಡ ಕಣ್ಣು, ಕೆನ್ನೆಯ ಮೇಲೆ ಗುಂಗುರು ಕೂದಲು, ಕಿವಿಯಲ್ಲಿ ಜುಮುಕಿ. ಅವರು ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದರು. ಹೊಗಳಿಕೆ ಬರುತ್ತದೆ ಎಂದು ನಾನು ಕಿವಿ ನೆಟ್ಟಗೆ ಮಾಡಿ ಕೂತಿದ್ದೆ.

"ಇದು ಏನು ಕೆಲಸ ಮಾಡುತ್ತೆ?" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ನೋಡೋಕೆ ಚೆನ್ನಾಗಿರುತ್ತೆ ಸಾರ್. ಅಷ್ಟು ಸಾಲದಾ?"

"ಚೆನ್ನಾಗಿರೋದೂ ಕೆಲಸಾನೇ ಕಣಮ್ಮ. ಆದ್ರೆ ಯಾರಿಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿ ತಮ್ಮ ಜಾಗದಲ್ಲಿ ಕೂತರು. ನಾನು ಆ ಕಾಗದವನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದೆ. ಸಂಜೆ ಮನೆಗೆ ಹೋಗುವವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಈ ಪ್ರಶ್ನೆ ನನಗೊಬ್ಬಳಿಗೇ ಮೀಸಲಲ್ಲ ಎಂದು ಆಮೇಲೆ ತಿಳಿಯಿತು. ಹೋಟೆಲಿನ ಗೋಡೆಯ ಕ್ಯಾಲೆಂಡರು, ಮದುವೆ ಕಾರ್ಡಿನ ಮೇಲಿನ ಗಂಡುಹೆಣ್ಣು, ಬಸ್ ಸ್ಟ್ಯಾಂಡಿನ ಪೋಸ್ಟರು, ಯಾವುದು ಕಂಡರೂ ಇದೇ ಪ್ರಶ್ನೆ. ನಮ್ಮ ಸ್ಟೋರ್ಸಿನವನು ಮಗಳ ಮದುವೆ ಕಾರ್ಡು ಕೊಡಲು ಬಂದರೆ, "ಛತ್ರಕ್ಕೆ ಹೋಗೋ ದಾರಿ ಬರೆಸಿದ್ರೆ ಕೆಲಸ ಮಾಡ್ತಿತ್ತಪ್ಪ" ಎಂದುಬಿಟ್ಟರು. ಆತ ಮುಖ ಸಿಂಡರಿಸಿಕೊಂಡು ಹೋದ. ಮದುವೆಯ ದಿನ ಅರ್ಧ ಕಾರ್ಖಾನೆ ದಾರಿ ತಪ್ಪಿ ಊಟದ ಹೊತ್ತಿಗೆ ಛತ್ರ ಸೇರಿತು ಎನ್ನುವುದು ಬೇರೆ ಮಾತು.

ಅವರ ಬಾಯಿ ಮುಚ್ಚಿಸಿದವರು ನನ್ನಮ್ಮ ಒಬ್ಬರೇ. ನನ್ನ ನಿಶ್ಚಿತಾರ್ಥಕ್ಕೆಂದು ಬೆಳಿಗ್ಗೆಯೇ ಬಂದವರು ಬಾಗಿಲಲ್ಲಿ ನಿಂತು ರಂಗೋಲಿ ನೋಡಿ, "ಅಮ್ಮ, ತಪ್ಪು ತಿಳ್ಕೋಬೇಡಿ, ಇದು ಏನು ಕೆಲಸ ಮಾಡುತ್ತೆ?" ಎಂದು ಕೇಳಿಯೇ ಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಕೈಗಂಟಿದ್ದ ಪುಡಿ ಒರೆಸಿಕೊಳ್ಳುತ್ತಾ, "ಮನೇಲಿ ಎಲ್ಲರೂ ಎದ್ದಿದೀವಿ, ಚೆನ್ನಾಗಿದೀವಿ ಅಂತ ಬೀದಿಗೆ ಹೇಳುತ್ತೆ. ಒಂದಿನ ಹಾಕದೆ ಇರಿ, ಎದುರುಮನೆಯೋರು ಏನಾಯ್ತು ಅಂತ ಓಡಿ ಬರ್ತಾರೆ" ಎಂದರು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟರು. ಅಲ್ಲಿಂದ ಮುಂದೆ ಚಿತ್ರದ ಮಾತು ಬಂದಾಗಲೆಲ್ಲ "ಇವರ ತಾಯಿಯೋರು ಒಂದು ಮಾತು ಹೇಳಿದಾರೆ" ಎಂದು ನನ್ನ ಕಡೆ ಕೈ ತೋರಿಸುವುದು ಶುರುವಾಯಿತು. ನನಗಿಂತ ನನ್ನಮ್ಮನಿಗೇ ಆ ಆಫೀಸಿನಲ್ಲಿ ಹೆಚ್ಚು ಮರ್ಯಾದೆ.

ಮಾತಾಡುವಾಗ ಅವರಿಗೊಂದು ಅಭ್ಯಾಸ. ತೋರುಬೆರಳಿನಿಂದ ಗಾಳಿಯಲ್ಲಿ ಚೌಕ ಹಾಕುವುದು. ಯಾರಾದರೂ ತಮ್ಮ ಕಷ್ಟವನ್ನು ಎಳೆದೆಳೆದು ಹೇಳುತ್ತಿದ್ದರೆ ಮೂರು ಚೌಕ ಹಾಕಿ ತೋರಿಸಿ, "ಇಷ್ಟರಲ್ಲಿ ಹೇಳಪ್ಪ" ಎನ್ನುತ್ತಿದ್ದರು. ಈ ಚೌಕಗಳು ಬಂದದ್ದು ಹಳೆಯ ವ್ಯಾಮೋಹದಿಂದ. ಹುಡುಗರಾಗಿದ್ದಾಗ ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ಸಿಗುತ್ತಿದ್ದ ಹಳೆಯ ಫಾರಿನ್ ಕಾಮಿಕ್ಸ್ ನೋಡಿ ನೋಡಿ ಚಿತ್ರ ಕಲಿತವರು ಅವರು. ಒಂದು ವಾರಪತ್ರಿಕೆಗೆ ಕೆಲವು ಕಾಲ ಚಿತ್ರಕಥೆ ಬರೆದುಕೊಟ್ಟಿದ್ದರಂತೆ. ಪ್ರತಿ ವಾರವೂ ನಾಯಕ ಯಾರನ್ನಾದರೂ ಹೊಡೆಯಬೇಕು. ಯಾಕೆ ಹೊಡೆಯುತ್ತಾನೆ ಎಂದು ಇವರು ಕೇಳಿದರೆ ಸಂಪಾದಕರು, "ಪುಟ ತುಂಬಬೇಕಲ್ಲಪ್ಪ" ಎಂದರಂತೆ. ಅಲ್ಲಿಗೆ ಅದನ್ನು ಬಿಟ್ಟು, ಕಾರ್ಖಾನೆಯಲ್ಲಿ ಬೋಲ್ಟು ನಟ್ಟು ಬರೆಯಲು ಬಂದರು. "ನಟ್ಟಿಗೆ ಕೆಲಸ ಇರುತ್ತೆ" ಎನ್ನುತ್ತಿದ್ದರು.

ಅವರ ಹೆಂಡತಿಗೆ ಇದರ ಬಗ್ಗೆ ತಮ್ಮದೇ ತಕರಾರು. ಒಮ್ಮೆ ಅವರ ಮನೆಗೆ ಹೋದಾಗ ಕಾಫಿ ಕೊಡುತ್ತಾ ನನ್ನ ಹತ್ತಿರ ದೂರಿದ್ದರು. "ಮದುವೆ ಆಗಿ ಇಷ್ಟು ವರ್ಷ ಆಯ್ತು, ನನ್ನದೊಂದು ಚಿತ್ರ ಬರೆದುಕೊಟ್ಟಿಲ್ಲ ನೋಡು. ಕೇಳಿದ್ರೆ, ನಿನ್ನ ನೋಡೋಕೆ ನೀನೇ ಇದೀಯಲ್ಲ ಅಂತಾರೆ." ಇವರು ಪಕ್ಕದಲ್ಲೇ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಇನ್ನು ಪ್ರೆಸ್ ಶಾಪಿನ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದಿದ್ದರೆ ಅವರನ್ನು ಹೇಳಿದ ಹಾಗಾಗುವುದಿಲ್ಲ.

ಪವರ್ ಪ್ರೆಸ್ ಎಂದರೆ ಮೇಲಿನಿಂದ ಕಬ್ಬಿಣದ ಭಾರ ಧಡ್ ಎಂದು ಬಿದ್ದು ತಗಡನ್ನು ಒತ್ತುವ ಯಂತ್ರ. ಅದಕ್ಕೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಭಾರ ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಕೆಳಗೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದರೆ ಹೀಗೆ ಮಾಡಿದರೆ ಕೆಲಸ ನಿಧಾನ. ಬೇಗ ಮುಗಿಸಬೇಕೆಂದು ನಮ್ಮವರು ಒಂದು ಗುಂಡಿಯ ಸಂದಿಗೆ ಮರದ ಚಕ್ಕೆ ಸಿಗಿಸಿ ಅದನ್ನು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡುತ್ತಿದ್ದರು. ಒಂದು ಕೈಯಲ್ಲಿ ಗುಂಡಿ, ಇನ್ನೊಂದು ಕೈಯಲ್ಲಿ ತಗಡು. ಸೂಪರ್‌ವೈಸರ್ ಬಂದರೆ ಚಕ್ಕೆ ಜೇಬಿಗೆ, ಹೋದರೆ ಗುಂಡಿಗೆ. ಮೇಲಿನವರು ಸುತ್ತೋಲೆ ಕಳಿಸಿದ್ದರು. ಇಂಗ್ಲಿಷಿನಲ್ಲಿ ಏನೇನೋ ಬರೆದು ಕೆಳಗೆ ತಲೆಬುರುಡೆಯ ಚಿತ್ರವಿದ್ದ ಒಂದು ಪೋಸ್ಟರನ್ನೂ ಹೊಡೆಸಿದ್ದರು. ಅದರ ಮೊಳೆಗೆ ಜನ ಊಟದ ಚೀಲ ನೇತುಹಾಕುತ್ತಿದ್ದರು.

ಒಂದು ಮಧ್ಯಾಹ್ನ ಕೆಳಗಿನ ಸದ್ದೆಲ್ಲ ಒಮ್ಮೆಗೇ ನಿಂತಿತು. ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸದ್ದಿಗಿಂತ ಆ ಮೌನಕ್ಕೇ ಎದೆ ಝಲ್ಲೆನ್ನುವುದು. ಗಂಗಣ್ಣನ ಬಲಗೈ ತೋರುಬೆರಳು ಹೋಗಿತ್ತು. ಗಂಗಣ್ಣ ಕೆಂಗೇರಿ ಕಡೆಯವನು, ಎಲ್ಲರಿಗಿಂತ ಹಳೆಯ ಆಪರೇಟರ್, ಯಾರ ತಂಟೆಗೂ ಹೋಗದ ಮನುಷ್ಯ. ಟವೆಲ್ ಸುತ್ತಿ ಅವನನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಇವರು ಕೆಳಗೆ ಹೋಗಿ ನೋಡಿ ಮೇಲೆ ಬಂದವರು ಆ ದಿನ ಪೆನ್ಸಿಲ್ ಮುಟ್ಟಲಿಲ್ಲ.

"ಆ ಎರಡು ಗುಂಡಿ ಡ್ರಾಯಿಂಗ್‌ನಲ್ಲಿ ಹಾಕಿದ್ದು ನಾನೇ ಕಣಮ್ಮ" ಎಂದರು ಸಂಜೆ. "ಡ್ರಾಯಿಂಗ್ ಸರಿಯಾಗೇ ಇತ್ತು. ಕೆಲಸ ಮಾಡ್ಲಿಲ್ಲ."

ಮರುದಿನವೇ ಪ್ರೊಡಕ್ಷನ್ ಮ್ಯಾನೇಜರ ಹತ್ತಿರ ಹೋದರು. ಟೀ ಕೊಡುವ ಕಟ್ಟೆಯ ಎದುರು ಒಂದು ಹಲಗೆ ಬೇಕು, ಅದರಲ್ಲಿ ವಾರಕ್ಕೊಂದು ಚಿತ್ರಕಥೆ ಹಾಕುತ್ತೇನೆ ಎಂದು ಕೇಳಿದರು. ಮ್ಯಾನೇಜರು ನಕ್ಕರು. ಚಕ್ಕೆ ಇದ್ದರೆ ಉತ್ಪಾದನೆ ಹೆಚ್ಚು ಎನ್ನುವುದು ಅವರಿಗೂ ಗೊತ್ತು, ಬಾಯಿಬಿಟ್ಟು ಹೇಳುವ ಹಾಗಿಲ್ಲ. "ಆಯುಧಪೂಜೆ ತನಕ ಇಟ್ಕೊಳ್ಳಿ" ಎಂದರು. "ಹಬ್ಬ ಆದ್ಮೇಲೂ ಚಕ್ಕೆ ಕಂಡ್ರೆ ಆ ಬೋರ್ಡಿಗೆ ನಾನು ಪ್ರೊಡಕ್ಷನ್ ಚಾರ್ಟ್ ಹಾಕ್ಕೋತೀನಿ." ಇವರು ಒಪ್ಪಿ ಬಂದರು. ಇನ್ನೊಂದು ಬೆರಳು ಹೋಗಬಾರದು, ಅವರಿಗೆ ಬೇಕಾಗಿದ್ದು ಅದೊಂದೇ. ಅದಕ್ಕೆ ಸಿಕ್ಕಿದ್ದು ಮಳೆಗಾಲದಷ್ಟು ಸಮಯ.

ಆ ವಾರ ಊಟದ ಹೊತ್ತಿನಲ್ಲೆಲ್ಲ ಅವರು ಒಬ್ಬ ಮನುಷ್ಯನನ್ನು ಕಟ್ಟುತ್ತಾ ಕೂತರು. ಪ್ರೆಸ್ ಆಪರೇಟರ್, ದಪ್ಪ ಮೀಸೆ, ಹೊಟ್ಟೆಯ ಹತ್ತಿರ ಬಿಗಿಯಾದ ಖಾಕಿ ಷರ್ಟು, ಯಾವಾಗಲೂ ಆತುರ. ಹೆಸರು ಬೋರಣ್ಣ. "ಇವನ ಮನೆ ಎಲ್ಲಿ?" ಎಂದು ನನ್ನನ್ನು ಕೇಳಿದರು.

"ಇಲ್ಲದೇ ಇರೋನಿಗೆ ಮನೆ ಎಲ್ಲಿಂದ ಬರುತ್ತೆ ಸಾರ್?"

"ಮನೆ ಗೊತ್ತಿಲ್ದೆ ಇದ್ರೆ ಇವನಿಗೆ ಯಾಕೆ ಆತುರ ಅಂತ ನಂಗೆ ಹೇಗಮ್ಮ ಗೊತ್ತಾಗುತ್ತೆ?"

ಸರಿ, ಕಾಮಾಕ್ಷಿಪಾಳ್ಯದಲ್ಲಿ ಒಂದು ಬಾಡಿಗೆ ಮನೆ ಕೊಟ್ಟೆವು, ನೀರು ನಿಲ್ಲುವ ಮುಂಚೆ ಮನೆ ಸೇರಬೇಕಾದ ಸಂಕಟ ಕೊಟ್ಟೆವು. ಅವನನ್ನು ಪೂರ್ತಿ ಕಪ್ಪಾಗಿ, ಬರೀ ನೆರಳಿನ ಹಾಗೆ ಬರೆದು ದಿನವೂ ಊಟದ ಹೊತ್ತಿಗೆ ಆ ಚಿತ್ರಗಳನ್ನು ನೋಡುತ್ತಿದ್ದ ಕ್ಯಾಂಟೀನಿನವನಿಗೆ ತೋರಿಸಿ ಇದು ಯಾರು ಎಂದು ಕೇಳಿದರು. "ಆ ಆತುರಗೇಡಿ ಬೋರಣ್ಣ ಅಲ್ವಾ ಸಾರ್" ಎಂದ ಮೇಲೇ ಅವರಿಗೆ ಸಮಾಧಾನ. ಅಕ್ಷರ ಇಲ್ಲ ಎನ್ನುವಷ್ಟು ಕಮ್ಮಿ. ಓದು ಬಾರದವರೂ ಇದ್ದರು, ತಮಿಳು ತೆಲುಗಿನವರೂ ಇದ್ದರು. ಗೆರೆ ದಪ್ಪ, ಟೀ ಕಟ್ಟೆಯಿಂದ ಕಾಣಬೇಕು. "ಟೀ ಮುಗಿಯೋದ್ರೊಳಗೆ ಕಥೆ ಮುಗೀಬೇಕು" ಎನ್ನುವುದು ಅವರ ಕಟ್ಟುನಿಟ್ಟು. ಚೆಂದಕ್ಕೆಂದು ನಾನು ಹಿಂದುಗಡೆ ಒಂದು ಮರ ಸೇರಿಸಿದರೆ ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದರು.

ಬೋರಣ್ಣ ಗೆದ್ದ. ಆತುರದಲ್ಲಿ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ, ಹೆಂಡತಿಯ ಡಬ್ಬಿ ಬದಲು ಅತ್ತೆಯ ಎಲೆಅಡಿಕೆ ಡಬ್ಬಿ ತಂದ, ಚಕ್ಕೆ ಸಿಗಿಸಿ ತನ್ನ ಷರ್ಟಿನ ತೋಳನ್ನೇ ತಗಡಿನ ಜೊತೆ ಒತ್ತಿಸಿಕೊಂಡ. ಜನ ಟೀ ಲೋಟ ಹಿಡಿದು ನಿಂತು ನಗುತ್ತಿದ್ದರು. ಸೋಮವಾರ ಹೊಸ ಚಿತ್ರ ಹಾಕುವುದು ತಡವಾದರೆ ಮೆಟ್ಟಿಲ ಕೆಳಗಿನಿಂದ, "ಸಾರ್, ಬೋರಣ್ಣ ರಜಾನಾ?" ಎಂದು ಕೂಗುತ್ತಿದ್ದರು. ಆದರೆ ಚಕ್ಕೆಗಳು ಇದ್ದಲ್ಲೇ ಇದ್ದವು. ಎಲ್ಲರಿಗಿಂತ ಚುರುಕು ಶಿವರಾಜ ಎಂಬ ಹುಡುಗ, ಹೊಸದಾಗಿ ಮದುವೆಯಾದವನು. ಚಿತ್ರ ನೋಡಿ ಎಲ್ಲರಿಗಿಂತ ಜೋರಾಗಿ ನಗುವವನೂ ಅವನೇ, ಹೋಗಿ ಎಲ್ಲರಿಗಿಂತ ಮೊದಲು ಚಕ್ಕೆ ಸಿಗಿಸುವವನೂ ಅವನೇ.

"ನಗಿಸೋ ಕೆಲಸ ಆಗ್ತಾ ಇದೆ. ಆ ಕೆಲಸ ನಾನು ಕೇಳಿರ್ಲಿಲ್ಲ" ಎಂದು ಇವರು ಗೊಣಗಿದರು.

ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನೋಡುತ್ತೇವೆ, ಹಲಗೆಯನ್ನು ಯಾರೋ ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದಾರೆ. ಟೀ ಕಟ್ಟೆಯ ಹತ್ತಿರ ಯಾರೂ ಇವರ ಮುಖ ನೋಡಲಿಲ್ಲ. ಕೊನೆಗೆ ಶಿವರಾಜನೇ ಮುಂದೆ ಬಂದ.

"ಗಂಗಣ್ಣನ್ನ ಆಡ್ಕೊಳ್ಳೋಕೆ ನಿಮಗೆ ಒಂದು ಬೋರ್ಡ್ ಬೇಕಿತ್ತಾ ಸಾರ್?"

"ಏನಪ್ಪ ಹಂಗಂದ್ರೆ?"

"ಬೋರಣ್ಣನ ಕೈ ನೋಡಿ. ಬೆರಳು ಎಣಿಸಿ."

ಇವರು ಹಲಗೆ ತಿರುಗಿಸಿ ಎಣಿಸಿದರು. ನಾನೂ ಎಣಿಸಿದೆ. ಮೂರು ಬೆರಳು, ಒಂದು ಹೆಬ್ಬೆಟ್ಟು. ಎರಡೂ ಕೈಗೆ ಅಷ್ಟೇ. ಫಾರಿನ್ ಕಾಮಿಕ್ಸ್‌ನಲ್ಲಿ ಅದು ರೂಢಿ. ಚಿಕ್ಕ ಚಿತ್ರದಲ್ಲಿ ಐದೂ ಬೆರಳು ಬರೆದರೆ ಕೈ ಬಾಳೆಗೊನೆಯ ಹಾಗೆ ಕಾಣುತ್ತದೆಂದು ಒಂದನ್ನು ಬಿಡುತ್ತಾರೆ. ಅವನ್ನು ನೋಡಿ ಕಲಿತ ಇವರ ಕೈ ತಾನಾಗಿ ಅದನ್ನೇ ಮಾಡಿತ್ತು. ಬೇರೆ ಎಲ್ಲಿ ಹಾಕಿದ್ದರೂ ಯಾರೂ ಗಮನಿಸುತ್ತಿರಲಿಲ್ಲ. ಪ್ರೆಸ್ ಶಾಪಿನಲ್ಲಿ ಜನ ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ. ಆತುರಗೇಡಿ, ಪೆದ್ದ, ಬೆರಳಿಲ್ಲದವನು. ನೋಡಿ ನಗುವುದಕ್ಕೆ ಇಟ್ಟ ಗೊಂಬೆ. ಗಂಗಣ್ಣ ಕೈ ವಾಸಿಯಾಗಿ ಬಂದು ಅದೇ ಶಾಪಿನಲ್ಲಿ ತಗಡು ಜೋಡಿಸಿ ಕೊಡುತ್ತಿದ್ದ. ದಿನವೂ ಆ ನಗುವವರ ಜೊತೆಗೇ ಟೀ ಕುಡಿಯುತ್ತಿದ್ದ.

ನಾನು ಪಿಸುದನಿಯಲ್ಲಿ, "ಸಾರ್, ಫಾರಿನ್ ಪುಸ್ತಕದಲ್ಲೆಲ್ಲ ಹಂಗೇ ಇರುತ್ತೆ ಅಂತ ಹೇಳಿಬಿಡಿ" ಎಂದೆ.

"ಅವರು ಅದನ್ನ ಪ್ರೆಸ್ ಶಾಪಿನ ಗೋಡೆಗೆ ನೇತುಹಾಕೋಕೆ ಬರೆದಿರ್ಲಿಲ್ಲಮ್ಮ. ನಾನು ನೇತುಹಾಕಿದೆ" ಎಂದರು.

ಅಲ್ಲಿಂದ ನೇರ ಗಂಗಣ್ಣನ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ. ಅವನು ತಗಡಿನ ರಾಶಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಇವರೂ ಎದುರಿಗೆ ಹಾಗೇ ಕೂತರು. "ತಪ್ಪಾಯ್ತು ಗಂಗಣ್ಣ. ಬೇಕೂಂತ ಮಾಡಿದ್ದಲ್ಲ. ನಾಳೆಯಿಂದ ಐದೂ ಬೆರಳು ಬರೀತೀನಿ."

ಗಂಗಣ್ಣ ಕೈಯಲ್ಲಿದ್ದ ತಗಡನ್ನು ರಾಶಿಯ ಮೇಲೆ ಇಟ್ಟ. "ಹುಡುಗ್ರು ಕೋಪ ಮಾಡ್ಕೊಂಡವ್ರೆ ಸಾರ್. ನಂಗೇನಿಲ್ಲ. ಮೊದಲ್ನೇ ದಿನಾನೇ ನೋಡ್ದೆ, ಇವ್ನು ನಮ್ಮೋನು ಅಂದ್ಕೊಂಡೆ." ಆಮೇಲೆ ಕೇಳಿದ, "ಹೋದ ಬೆರಳು ಚಿಗುರುತ್ತಾ ಸಾರ್? ನಾಳೆ ಐದು ಬರೆದ್ರೆ ಯಾರು ನಂಬ್ತಾರೆ? ಅದು ಹೆಂಗೆ ಹೋಯ್ತು ಅಂತ ಬರೀರಿ."

"ಹೇಗೆ ಹೋಯ್ತು ಅಂತ ನೀವು ಹೇಳಿದ್ರೆ ಬರೀತೀನಿ. ರಕ್ತ ಎಲ್ಲ ಬರೆಯೋಕೆ ನನಗೆ ಕೈ ಬರಲ್ಲ."

"ರಕ್ತ ಬ್ಯಾಡಿ. ಇಲ್ಲಿ ಎಲ್ಲಾ ನೋಡವ್ರೆ ರಕ್ತಾನ. ಆಮೇಲೆ ಆಗಿದ್ದು ಯಾರೂ ನೋಡಿಲ್ಲ."

ಗಂಗಣ್ಣ ಅದನ್ನು ಹೇಳಿದ. ಅವನ ಹೆಂಡತಿ ಬೆಳಗಾಗುವ ಮೊದಲೇ ಸೊಪ್ಪು ಮಾರಲು ಹೊರಡುತ್ತಾಳೆ. ಮಗಳಿಗೆ ತಲೆ ಬಾಚಿ, ಟೇಪು ಕಟ್ಟಿ ಸ್ಕೂಲಿಗೆ ಕಳಿಸುವುದು ಮೊದಲಿನಿಂದಲೂ ಅವನ ಕೆಲಸ. ಪಟ್ಟಿ ಬಿಚ್ಚಿದ ಮೇಲೆ ಮೊದಲ ಬೆಳಿಗ್ಗೆ ಜಡೆ ಹೆಣೆಯಲು ಕೂತರೆ ಕೂದಲು ನಿಲ್ಲುತ್ತಲೇ ಇಲ್ಲ, ಬೆರಳಿಲ್ಲದ ಜಾಗದಿಂದ ಜಾರಿ ಜಾರಿ ಹೋಗುತ್ತದೆ. ಮತ್ತೆ ಮತ್ತೆ ಹಾಕಿದ. ಹೊತ್ತಾಯಿತು. ಕೊನೆಗೆ ಮಗಳೇ, "ಬಿಡಪ್ಪ, ನಾನೇ ಹಾಕ್ಕೋತೀನಿ" ಎಂದಳು. "ಈಗ ಅವಳೇ ಹಾಕ್ಕೋತಾಳೆ ಸಾರ್. ನಾನು ಕನ್ನಡಿ ಹಿಡ್ಕೊಂಡು ನಿಂತ್ಕೋತೀನಿ." ಹೇಳಿ ಮುಗಿಸಿ ಅವನು ಮತ್ತೆ ತಗಡಿಗೆ ಕೈ ಹಾಕಿದ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ, ಮೇಲೆ ಬಂದು ಬಚ್ಚಲಿನಲ್ಲಿ ಮುಖ ತೊಳೆದುಕೊಂಡೆ.

ಅವರು ನಾಲ್ಕು ಚೌಕ ಹಾಕಿದರು. ಬೋರಣ್ಣ ಗಡಿಯಾರ ನೋಡುತ್ತಾ ಚಕ್ಕೆ ಸಿಗಿಸುತ್ತಾನೆ. ಎರಡನೆಯದು ಪೂರ್ತಿ ಕಪ್ಪು, ಏನೂ ಇಲ್ಲ. ಮೂರನೆಯದರಲ್ಲಿ ಮಗಳ ಕೂದಲು ಅವನ ಕೈಯಿಂದ ಜಾರುತ್ತದೆ. ನಾಲ್ಕನೆಯದರಲ್ಲಿ ಮಗಳು ತಾನೇ ಜಡೆ ಹೆಣೆದುಕೊಳ್ಳುತ್ತಾಳೆ, ಬೋರಣ್ಣ ಕನ್ನಡಿ ಹಿಡಿದಿದ್ದಾನೆ. ಕನ್ನಡಿಯ ಅಂಚಿನಲ್ಲಿ ಅವನ ಬೆರಳುಗಳು. ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿ, "ಹುಡುಗೀನ ನೀನು ಬರಿ. ನನಗೆ ಮಕ್ಕಳು ಬರಲ್ಲ" ಎಂದರು.

ನನಗೆ ಖುಷಿಯೋ ಖುಷಿ. ಆ ದಿನವೆಲ್ಲ ಕೂತು ಬರೆದೆ. ದೊಡ್ಡ ಕಣ್ಣು, ಮುದ್ದು ಗಲ್ಲ. ಅವರು ನೋಡಿ, "ಇವಳು ಏನು ಯೋಚನೆ ಮಾಡ್ತಾ ಇದಾಳೆ?" ಎಂದರು. ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಕಾಣಬೇಕು ಎಂಬುದರ ಹೊರತು ಅವಳ ತಲೆಯಲ್ಲಿ ನಾನು ಏನನ್ನೂ ಇಟ್ಟಿರಲಿಲ್ಲ. ಕಾಗದ ಹರಿದು ಹಾಕಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ. ನಿಮ್ಮ ಕೆಲಸವೂ ಬೇಡ, ನಿಮ್ಮ ಬೋರಣ್ಣನೂ ಬೇಡ ಎಂದು ಅವರ ಮುಖಕ್ಕೇ ಹೇಳಿದೆ. ಅವರು ತಲೆ ಎತ್ತದೆ, "ಭಾನುವಾರ ಕೆಂಗೇರಿಗೆ ಹೋಗಿ ಬಾ" ಎಂದರು.

ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ. ಗಂಗಣ್ಣನ ಮನೆಯಲ್ಲಿ ಬೆಲ್ಲದ ಕಾಫಿ ಕೊಟ್ಟರು. ಹುಡುಗಿಗೆ ಹತ್ತು ವರ್ಷವಿದ್ದೀತು, ನನ್ನ ಕಡೆ ಸಂಕೋಚದಿಂದ ನೋಡಿ ಬಾಗಿಲಲ್ಲಿ ಕೂತು ಜಡೆ ಹಾಕಿಕೊಳ್ಳತೊಡಗಿದಳು. ಗಂಗಣ್ಣ ಎದುರಿಗೆ ಕನ್ನಡಿ ಹಿಡಿದು ನಿಂತ. ಆಗ ಕಂಡಿತು. ಆ ಮಗು ಕನ್ನಡಿಯನ್ನು ನೋಡುತ್ತಲೇ ಇರಲಿಲ್ಲ. ಕನ್ನಡಿಯ ಮೇಲಿನಿಂದ ಅಪ್ಪನ ಮುಖ ನೋಡುತ್ತಿತ್ತು, ಅವನಿಗೆ ಬೇಜಾರಾಗಿದೆಯೋ ಏನೋ ಎಂದು. ಬೈತಲೆ ಸೊಟ್ಟಗಾದರೂ ಅವಳಿಗೆ ಅದರ ಪರಿವೆಯಿಲ್ಲ. ಅಮ್ಮ ನನ್ನ ಕೈ ಹಿಸುಕಿದರು.

ಸೋಮವಾರ ಅದನ್ನೇ ಬರೆದೆ. ಸಾಧಾರಣ ಮುಖ, ಸೊಟ್ಟ ಬೈತಲೆ, ಕಣ್ಣು ಅಪ್ಪನ ಕಡೆ. ಅವರು ಬಹಳ ಹೊತ್ತು ನೋಡಿ, "ಇಂಕ್ ಹಾಕು" ಎಂದರು. ಆ ಎರಡು ಮಾತಿಗೆ ನಾನು ಎಷ್ಟು ಹಿಗ್ಗಿದೆ ಎಂದರೆ, ಆಮೇಲೆ ನನ್ನ ಚಿತ್ರಗಳು ಪುಸ್ತಕಗಳಲ್ಲಿ ಬಂದಾಗಲೂ ಅಷ್ಟು ಹಿಗ್ಗಿಲ್ಲ.

ಗಂಗಣ್ಣನಿಗೆ ತೋರಿಸದೆ ಅದನ್ನು ಹಾಕಲಿಲ್ಲ. ಅವನು ನೋಡಿ, ತಾನೇ ಹೋಗಿ ಹಲಗೆಯನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿ ಚಿತ್ರ ಅಂಟಿಸಿದ.

ಟೀ ಹೊತ್ತಿಗೆ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಜನ ಬಂದರು, ನೋಡಿದರು. ಯಾರೂ ನಗಲಿಲ್ಲ. ಶಿವರಾಜ ಟೀ ಲೋಟ ಹಿಡಿದು ಎಲ್ಲರೂ ಹೋದ ಮೇಲೂ ನಿಂತಿದ್ದ. ಅವನ ಹೆಂಡತಿಗೆ ಆಗ ತುಂಬಿದ ತಿಂಗಳು. ಆಮೇಲೆ ಟೀಯನ್ನು ಮೋರಿಗೆ ಚೆಲ್ಲಿ, ಲೋಟ ಇಟ್ಟು ಹೋದ. ಆ ದಿನವೂ ಪ್ರೆಸ್‌ಗಳು ಎಂದಿನಂತೆ ಬಿಡುವಿಲ್ಲದೆ ಧಡಧಡ ಓಡುತ್ತಲೇ ಇದ್ದವು. ಇವರು ಬಂದು ಕುರ್ಚಿಯಲ್ಲಿ ಕುಸಿದರು. "ಆಗ್ಲಿಲ್ಲ ಕಣಮ್ಮ" ಎಂದರು. ಅವರು ಅಷ್ಟು ಸೋತು ಕೂತದ್ದನ್ನು ನಾನು ಕಂಡಿರಲಿಲ್ಲ.

ಆಯುಧಪೂಜೆಗೆ ಎಂದಿನಂತೆ ಯಂತ್ರಗಳನ್ನೆಲ್ಲ ತೊಳೆದು ಒರೆಸಿ, ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದರು. ಒಂದು ಯಂತ್ರದಲ್ಲೂ ಚಕ್ಕೆ ಇರಲಿಲ್ಲ. ನಾನು ಕಡಲೆಪುರಿ ಮೆಲ್ಲುತ್ತಾ ಸಂಭ್ರಮದಿಂದ ಅದನ್ನು ಹೇಳಿದರೆ, "ಹಬ್ಬದ ದಿನ ಎಲ್ಲರೂ ಸಾಚಾನೇ. ರಜಾ ಮುಗೀಲಿ" ಎಂದರು.

ರಜೆ ಮುಗಿಯಿತು. ಆ ಬೆಳಿಗ್ಗೆ ಅವರು ಪೆನ್ಸಿಲ್ ಕೂಡ ಚೂಪು ಮಾಡದೆ ಸುಮ್ಮನೆ ಕೂತಿದ್ದರು. ಸೈರನ್ ಆಯಿತು. ಕೆಳಗೆ ಮೋಟಾರುಗಳು ಶುರುವಾದವು. ಆಮೇಲೆ ಧಡ್. ಒಂದು ಬಿಡುವು. ಮತ್ತೆ ಧಡ್. ಮತ್ತೆ ಬಿಡುವು. ನನಗೆ ಯಂತ್ರ ಏನೋ ಕೆಟ್ಟಿದೆ ಅನ್ನಿಸಿತು. ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ ಕೇಳುತ್ತಾ ಕೂತರು. ತಗಡು ಇಟ್ಟು, ಕೈ ಹೊರಗೆ ತೆಗೆದು, ಎರಡೂ ಗುಂಡಿ ಹುಡುಕಿ ಒತ್ತಲು ಬೇಕಾಗುವಷ್ಟೇ ಬಿಡುವು. ಒಂದೊಂದಾಗಿ ಎಲ್ಲ ಪ್ರೆಸ್‌ಗಳೂ ಸೇರಿಕೊಂಡವು. ಎಲ್ಲವೂ ನಿಧಾನ. ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ.

ಊಟದ ಹೊತ್ತಿಗೆ ಮ್ಯಾನೇಜರು ದುಮುಗುಡುತ್ತಾ ಪ್ರೆಸ್ ಶಾಪಿಗೆ ಬಂದು ಉತ್ಪಾದನೆ ಯಾಕೆ ಬಿದ್ದಿದೆ ಎಂದು ಗದರಿದರಂತೆ. ಶಿವರಾಜ, "ಬೆರಳಿಗೆ ಸ್ಪೇರು ಸ್ಟೋರ್ಸ್‌ನಲ್ಲಿ ಇಟ್ಟಿಲ್ವಲ್ಲ ಸಾರ್" ಎಂದನಂತೆ. ಮ್ಯಾನೇಜರು ಬಂದ ದಾರಿಯಲ್ಲೇ ವಾಪಸು ಹೋದರು. ಮಾತು ಕೊಟ್ಟಿದ್ದರು, ಹಲಗೆ ಉಳಿಯಿತು. ನಡುನಡುವೆ ಯಾರಾದರೂ ಮತ್ತೆ ಚಕ್ಕೆ ಹುಡುಕಿದ್ದುಂಟು. ಪಕ್ಕದವರೇ ಕಿತ್ತು ಬಿಸಾಡುತ್ತಿದ್ದರು. ಇವರು ರಿಟೈರ್ ಆಗುವವರೆಗೂ ಬೋರಣ್ಣ ಆ ಗೋಡೆಯ ಮೇಲೆ ಬಾಳಿದ, ಬಲಗೈಯಲ್ಲಿ ಒಂದು ಬೆರಳು ಕಮ್ಮಿ ಇಟ್ಟುಕೊಂಡೇ. ಎಡಗೈ ಬೆರಳನ್ನು ಮಾತ್ರ ಗಂಗಣ್ಣನ ಅನುಮತಿ ಪಡೆದು ಸದ್ದಿಲ್ಲದೆ ಬೆಳೆಸಿದೆವು.

ಮೊನ್ನೆ ಮೊನ್ನೆ ಅವರು ಹೋದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಸವೇಶ್ವರನಗರದ ಮನೆಯ ಹಾಲಿನಲ್ಲಿ ಮಲಗಿಸಿದ್ದರು. ನಾನು ಅವರ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಬೆಳಗಿನಿಂದ ಓಡಾಟದಲ್ಲಿ ನನಗೆ ಅಳು ಬಂದಿರಲಿಲ್ಲ, ಯಾಕೆ ಬರುತ್ತಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಅಷ್ಟರಲ್ಲಿ ಪ್ರೆಸ್ ಶಾಪಿನವರು ಬಂದರು. ಎಲ್ಲರೂ ಮುದುಕರು. ಕೋಲು ಹಿಡಿದವರು, ಮಗನ ಸ್ಕೂಟರಿನಲ್ಲಿ ಬಂದವರು. ಒಬ್ಬೊಬ್ಬರಾಗಿ ಹೂ ಹಾಕಿ ಸರಿಯುತ್ತಿದ್ದರು. ಶಿವರಾಜನ ಗುರುತು ನನಗೆ ಹತ್ತಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. "ನಾನು ಮೇಡಂ, ಶಿವರಾಜ" ಎಂದ. ಹಿಂದೆ ನಿಂತಿದ್ದ ಹೆಂಗಸನ್ನು ತೋರಿಸಿ, "ನನ್ನ ಮಗಳು" ಎಂದ. ಆಮೇಲೆ ಅವರ ಮುಂದೆ ಮಂಡಿಯೂರಿ ಕೂತು, ಎರಡೂ ಕೈ ಎತ್ತಿ ಮುಗಿದ.

ಆ ಕೈಗಳು ನನ್ನ ಕಣ್ಣೆದುರಿಗೇ ಇದ್ದವು. ಎಣಿಸಿದೆ. ಹತ್ತೂ ಇದ್ದವು. ಆಗ ನನಗೆ ಅಳು ಬಂತು.